ರ‍್ಯಾನ್ಸಮ್‌ವೇರ್ ಅಪರಾಧಗಳ ಅಂತರರಾಷ್ಟ್ರೀಯ ತನಿಖೆ

ರ‍್ಯಾನ್ಸಮ್‌ವೇರ್ ಎಂಬುದು ಕಂಪ್ಯೂಟರಿನ ಕಡತಗಳನ್ನು ಗೂಢಲಿಪಿಗೆ ಬದಲಿಸಿ, ಅವುಗಳನ್ನು ಮತ್ತೆ ತೆರೆಯುವ ಕೀಲಿಗಾಗಿ ಹಣ ಕೇಳುವ ಕುತಂತ್ರಾಂಶ. ಇಂತಹ ದಾಳಿಗಳಲ್ಲಿ ಆರೋಪಿ, ಸಂತ್ರಸ್ತರು, ಬಳಕೆಯಾದ ಸರ್ವರ್ ಹಾಗೂ ಸುಲಿಗೆಯ ಹಣ ಬೇರೆ ಬೇರೆ ದೇಶಗಳಲ್ಲಿರುವುದು ಸಾಮಾನ್ಯ. ಪೊಲೀಸರ ಬಂಧನಾಧಿಕಾರವಾದರೋ ಸ್ವದೇಶದ ಗಡಿಗೆ ಸೀಮಿತವಾದುದು. ಆದ್ದರಿಂದ ಆರೋಪಿ ಯಾರೆಂದು ತಿಳಿದ ಮೇಲೂ ಆತನ ವಿಚಾರಣೆ ನಡೆಯುವುದು ಆತನಿರುವ ದೇಶದ ಸಹಕಾರವನ್ನು ಅವಲಂಬಿಸಿರುತ್ತದೆ.

ಹಿನ್ನೆಲೆ

ಈ ಬಗೆಯ ಮೊದಲ ಪ್ರಕರಣವೆಂದು ಗುರುತಿಸಲಾಗುವ 1989ರ ‘ಏಡ್ಸ್ ಟ್ರೋಜನ್’ ಅಂಚೆಯಲ್ಲಿ ಬಂದ ಫ್ಲಾಪಿ ಡಿಸ್ಕ್‌ಗಳ ಮೂಲಕ ಹರಡಿತು. ಸಂತ್ರಸ್ತರು ಹಣವನ್ನು ಪನಾಮಾದ ಅಂಚೆಪೆಟ್ಟಿಗೆಯೊಂದಕ್ಕೆ ಕಳುಹಿಸಬೇಕಿತ್ತು. ಅಂದರೆ ಗಡಿಯ ತೊಡಕು ಈ ಅಪರಾಧದ ಜೊತೆಯಲ್ಲಿಯೇ ಹುಟ್ಟಿದುದು. ಮುಂದೆ ಅಂಚೆಪೆಟ್ಟಿಗೆಯ ಸ್ಥಾನವನ್ನು ಬಿಟ್‌ಕಾಯಿನ್ ಪಡೆಯಿತು. ಕುತಂತ್ರಾಂಶವನ್ನು ರಚಿಸುವವರು ಅದನ್ನು ಇತರರಿಗೆ ಒದಗಿಸಿ ಸುಲಿಗೆಯಲ್ಲಿ ಪಾಲು ಪಡೆಯುವ ಪದ್ಧತಿಯೂ ಬೆಳೆಯಿತು.

ಆರ್‌ಇವಿಲ್ ಪ್ರಕರಣ

2021ರ ಜುಲೈನಲ್ಲಿ ‘ಆರ್‌ಇವಿಲ್’ ಗುಂಪು ಅಮೆರಿಕದ ಕಸೇಯಾ ಸಂಸ್ಥೆಯ ತಂತ್ರಾಂಶದ ಮೂಲಕ ಹಲವು ದೇಶಗಳ ನೂರಾರು ಉದ್ಯಮಗಳಿಗೆ ಹಾನಿ ಮಾಡಿತು. ಸ್ವೀಡನ್ನಿನ ಕೂಪ್ ಸರಣಿಯ ನೂರಾರು ದಿನಸಿ ಅಂಗಡಿಗಳು, ಹಣ ಪಡೆಯುವ ಯಂತ್ರಗಳು ಕೆಲಸ ಮಾಡದೆ ಬಾಗಿಲು ಮುಚ್ಚಿದವು. ಅದೇ ನವೆಂಬರ್‌ನಲ್ಲಿ ಅಮೆರಿಕವು ಗುಂಪಿನ ಇಬ್ಬರ ಮೇಲಿನ ದೋಷಾರೋಪಣೆಗಳನ್ನು ಬಹಿರಂಗಪಡಿಸಿತು. ಅವರಲ್ಲಿ ಉಕ್ರೇನಿನ ಯಾರೊಸ್ಲಾವ್ ವಾಸಿನ್‌ಸ್ಕಿ ಪೋಲೆಂಡಿನ ಗಡಿ ದಾಟುವಾಗ ಬಂಧಿತನಾಗಿದ್ದನು. 2022ರ ಮಾರ್ಚ್‌ನಲ್ಲಿ ಅಮೆರಿಕಕ್ಕೆ ಹಸ್ತಾಂತರಗೊಂಡ ಆತನಿಗೆ 2024ರಲ್ಲಿ 13 ವರ್ಷ 7 ತಿಂಗಳ ಸೆರೆವಾಸ ವಿಧಿಸಲಾಯಿತು. ಇನ್ನೊಬ್ಬನಾದ ಯೆವ್‌ಗೆನಿ ಪಾಲ್ಯಾನಿನ್ ರಷ್ಯಾದ ಪ್ರಜೆ. ಆತನಿಗೆ ಸಂಬಂಧಿಸಿದ 61 ಲಕ್ಷ ಡಾಲರ್ ಮುಟ್ಟುಗೋಲಾಯಿತೇ ಹೊರತು ಆತ ಸೆರೆಸಿಕ್ಕಲಿಲ್ಲ. ರಷ್ಯಾದ ಸಂವಿಧಾನದ 61ನೇ ವಿಧಿಯು ಸ್ವಂತ ಪ್ರಜೆಗಳನ್ನು ಪರದೇಶಕ್ಕೆ ಒಪ್ಪಿಸುವುದನ್ನು ನಿಷೇಧಿಸುತ್ತದೆ.

2022ರ ಜನವರಿಯಲ್ಲಿ ಅಮೆರಿಕದ ಕೋರಿಕೆಯ ಮೇರೆಗೆ ರಷ್ಯಾ ತಾನೇ ಈ ಗುಂಪಿನ ಮೇಲೆ ದಾಳಿ ನಡೆಸಿದುದು ಅಪರೂಪದ ಬೆಳವಣಿಗೆಯಾಗಿತ್ತು. ಮರು ತಿಂಗಳೇ ಉಕ್ರೇನ್ ಯುದ್ಧ ಆರಂಭವಾಗಿ ಆ ಸಹಕಾರ ನಿಂತುಹೋಯಿತು.

ಬಂಧನವಿಲ್ಲದ ಕ್ರಮಗಳು

ಬಂಧನ ಸಾಧ್ಯವಿಲ್ಲದೆಡೆ ತನಿಖಾ ಸಂಸ್ಥೆಗಳು ಹಣ ಮತ್ತು ಸರ್ವರ್‌ಗಳನ್ನು ಗುರಿಯಾಗಿಸುತ್ತವೆ. 2021ರಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಸಂಸ್ಥೆ ತೆತ್ತ 75 ಬಿಟ್‌ಕಾಯಿನ್‌ಗಳಲ್ಲಿ 63.7 ಮರಳಿ ವಶವಾದವು. 2024ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಅಪರಾಧ ಸಂಸ್ಥೆಯ ಮುಂದಾಳತ್ವದಲ್ಲಿ ‘ಲಾಕ್‌ಬಿಟ್’ ಗುಂಪಿನ ಜಾಲತಾಣ ಹಾಗೂ ಸರ್ವರ್‌ಗಳನ್ನು ವಶಪಡಿಸಿಕೊಳ್ಳಲಾಯಿತು. ಸಿಕ್ಕ ಕೀಲಿಗಳು ಸಂತ್ರಸ್ತರಿಗೆ ನೆರವಾದವು. ಆದರೆ ಕೆಲವೇ ದಿನಗಳಲ್ಲಿ ಗುಂಪು ಹೊಸ ತಾಣವನ್ನು ತೆರೆಯಿತು.

ಒಪ್ಪಂದಗಳು ಮತ್ತು ಭಾರತ

ವಿದೇಶದಲ್ಲಿರುವ ಸಾಕ್ಷ್ಯವನ್ನು ಸಾಮಾನ್ಯವಾಗಿ ಪರಸ್ಪರ ಕಾನೂನು ನೆರವಿನ ಒಪ್ಪಂದಗಳ ಮೂಲಕ ಕೋರಲಾಗುತ್ತದೆ. ಈ ಕೋರಿಕೆಗಳಿಗೆ ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಸರ್ವರ್‌ನ ದಾಖಲೆಗಳು ಅಷ್ಟರೊಳಗೆ ಅಳಿದುಹೋಗಿರಬಹುದು. ದತ್ತಾಂಶವನ್ನು ಶೀಘ್ರವಾಗಿ ಕಾಯ್ದಿರಿಸಲು 2001ರ ಬುಡಾಪೆಸ್ಟ್ ಒಡಂಬಡಿಕೆ ವ್ಯವಸ್ಥೆ ಮಾಡಿದೆಯಾದರೂ ಭಾರತ, ರಷ್ಯಾ, ಚೀನಾ ಅದನ್ನು ಸೇರಿಲ್ಲ.

ಭಾರತದಲ್ಲಿರುವ ಕಂಪ್ಯೂಟರಿಗೆ ಸಂಬಂಧಿಸಿದ ಅಪರಾಧವನ್ನು ವಿದೇಶದಿಂದ ಎಸಗಿದರೂ ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 75ನೇ ಕಲಮು ಅನ್ವಯಿಸುತ್ತದೆ. ಕಾನೂನಿನ ವ್ಯಾಪ್ತಿ ಹೀಗೆ ಗಡಿಯಾಚೆಗೂ ಚಾಚಿದೆ. ಬಂಧಿಸುವ ಅಧಿಕಾರ ಚಾಚಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾದಾಗ ದೆಹಲಿ ಪೊಲೀಸರು ಪ್ರಕರಣ ದಾಖಲಿಸಿಕೊಂಡರು. ಆಸ್ಪತ್ರೆಯ ಸಿಬ್ಬಂದಿ ಹಲವು ದಿನ ರೋಗಿಗಳ ನೋಂದಣಿಯನ್ನು ಕೈಬರಹದಲ್ಲಿ ನಡೆಸಬೇಕಾಯಿತು.

ವಿಶ್ವಸಂಸ್ಥೆಯ ಮಹಾಸಭೆಯು 2024ರ ಡಿಸೆಂಬರ್‌ನಲ್ಲಿ ಸೈಬರ್ ಅಪರಾಧ ಕುರಿತ ಪ್ರತ್ಯೇಕ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬರಲು 40 ದೇಶಗಳ ಅನುಮೋದನೆ ಅಗತ್ಯ.