ನಿಮಗಿದು ಗೊತ್ತೆ? ಎಂಜಿನ್ ಕೆಡಿಸುವುದು ಉಳಿದ ಪೆಟ್ರೋಲ್!
ಅಮೆರಿಕದ ಉತ್ತರ ರಾಜ್ಯಗಳಲ್ಲಿ ಹಿಮ ಬೀಳುವ ಮೊದಲೇ ಹುಲ್ಲು ಕತ್ತರಿಸುವ ಯಂತ್ರಗಳನ್ನು ವಸಂತದವರೆಗೆ ಎತ್ತಿಡುತ್ತಾರೆ. ಆಗ ಎಂಜಿನ್‌ಗೆ ಚಳಿಗಿಂತ ದೊಡ್ಡ ಶತ್ರು ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್. ಅದರಲ್ಲಿ ಸಾಮಾನ್ಯವಾಗಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಹಳತಾದ ಪೆಟ್ರೋಲ್ ಆರಿ ಉಳಿಯುವ ಅಂಟು, ಕಾರ್ಬ್ಯುರೇಟರ್‌ನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಇಲ್ಲವೇ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಜರ್ ಬೆರೆಸಿ ಕೆಲ ನಿಮಿಷ ಓಡಿಸಬೇಕು. ಸುಮ್ಮನೆ ಟ್ಯಾಂಕಿಗೆ ಸುರಿದಿಟ್ಟರೆ ಅದು ಕಾರ್ಬ್ಯುರೇಟರ್ ತಲುಪುವುದೇ ಇಲ್ಲ! ನಮ್ಮಲ್ಲೀಗ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ತೋಟದ ವೀಡ್ ಕಟರ್ ಅನ್ನು ತಿಂಗಳುಗಟ್ಟಲೆ ಮೂಲೆಗಿಡುವವರೂ ಮೊದಲು ಟ್ಯಾಂಕ್ ಖಾಲಿ ಮಾಡಲಿ.