ಕೆರೆಯ ನೀರಿನ ಬಿಸಿ-ತಂಪು ಮತ್ತು ಈಜು

ಹೊಯ್ಸಳ ನಾಡಿನ ಮೂರು ಪ್ರಸಿದ್ಧ ಊರುಗಳಿಗೂ ಕೆರೆಗಳಿಗೂ ಇರುವ ನಂಟು ಹೆಸರುಗಳಲ್ಲಿಯೇ ಉಳಿದುಬಂದಿದೆ. ಅರಸಿಯ ಕೆರೆಯೇ ಅರಸೀಕೆರೆಯಾಯಿತು. ಹಳೇಬೀಡು ರಾಜಧಾನಿಯಾಗಿದ್ದಾಗ ದೋರಸಮುದ್ರವೆನಿಸಿಕೊಂಡುದು ಅಲ್ಲಿನ ವಿಶಾಲವಾದ ಕೆರೆಯಿಂದ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಈ ಊರುಗಳ ಶಾಸನಗಳನ್ನೂ ಶಿಲ್ಪವೈಭವವನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದರೆ ಆ ನೀರು ಯಾವ ತಿಂಗಳಲ್ಲಿ ಎಷ್ಟು ಬಿಸಿಯಾಗಿರುತ್ತದೆ, ಯಾವ ಆಳದಲ್ಲಿ ತಂಪಾಗುತ್ತದೆ, ಅದರಲ್ಲಿ ಇಳಿದು ಈಜುವವನ ಪಾಡೇನು ಎಂಬ ವಿಚಾರ ನಮ್ಮ ಪಾಠಗಳಲ್ಲಿ ಬರುವುದಿಲ್ಲ. ಬೇಸಗೆಯ ರಜೆಯಲ್ಲಿ ಕೆರೆಗೆ ಹೋದ ಮಕ್ಕಳು ಮರಳಿ ಬಾರದ ಸುದ್ದಿಯನ್ನು ಓದಿ ಮರುಗದ ಅಧ್ಯಾಪಕರು ಮಾತ್ರ ಇರಲಾರರು. 2022ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ ನೀರಿನಲ್ಲಿ ಮುಳುಗಿ ಸತ್ತವರ ಸಂಖ್ಯೆ 38 ಸಾವಿರವನ್ನು ಮೀರಿತ್ತು. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ನೋಡುವುದು ಉಚಿತವೆಂದು ತೋರುತ್ತದೆ.

ಈ ಮೂರೂ ಊರುಗಳು ಸಮುದ್ರಮಟ್ಟದಿಂದ ಸುಮಾರು 800ರಿಂದ 1000 ಮೀಟರ್ ಎತ್ತರದಲ್ಲಿವೆ. ಆದರೆ ಮಳೆಯಲ್ಲಿ ಅವು ಒಂದೇ ಅಲ್ಲ. ಮಲೆನಾಡಿನ ಅಂಚಿನಲ್ಲಿರುವ ಬೇಲೂರಿಗೆ ಆರಿದ್ರೆ, ಪುಷ್ಯ ಮಳೆಗಳು ನೀರು ತರುತ್ತವೆ. ಬಯಲುಸೀಮೆಯ ಅರಸೀಕೆರೆ ಎಷ್ಟೋ ವರ್ಷ ಹಸ್ತ, ಚಿತ್ತೆಗಳವರೆಗೆ ಮುಗಿಲನ್ನೇ ನೋಡುತ್ತ ಕುಳಿತಿರಬೇಕು. ಹಳೇಬೀಡು ಇವೆರಡರ ನಡುವಣದು. ಹೀಗಾಗಿ ಒಂದು ಕಡೆ ಹೊಸನೀರು ಬಂದು ಕೆರೆ ತಂಪಾದಾಗ ಮತ್ತೊಂದು ಕಡೆ ಮಡುವಿನಲ್ಲಿ ಉಳಿದ ನೀರು ಇನ್ನೂ ಬಿಸಿಲಿಗೆ ಕಾಯುತ್ತಿರುತ್ತದೆ.

ನೀರು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಅದಲ್ಲದೆ ಕೆರೆಗೆ ತನ್ನನ್ನು ತಾನೇ ತಂಪುಮಾಡಿಕೊಳ್ಳುವ ಒಂದು ಉಪಾಯವುಂಟು, ಅದು ಆವಿಯಾಗುವಿಕೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಲೆಕ್ಕ ಹಾಕಿ ನೋಡಿದರೆ, ಒಂದು ಮೀಟರ್ ಆಳದ ಕೆರೆಯ ಮೇಲ್ಮೈಯಿಂದ ಕೇವಲ ಒಂದು ಮಿಲಿಮೀಟರ್ ನೀರು ಆರಿದರೂ ಉಳಿದ ನೀರೆಲ್ಲ ಅರ್ಧ ಡಿಗ್ರಿಗಿಂತ ಹೆಚ್ಚು ತಣ್ಣಗಾಗಬಲ್ಲುದು. ಬೇಸಗೆಯ ಗಾಳಿಗೆ ದಿನಕ್ಕೆ ಅದರ ನಾಲ್ಕೈದು ಪಟ್ಟು ನೀರು ಆರುತ್ತದೆ. ಊರಿನ ಬಂಡೆ ಕಾಲಿಡಲಾಗದಂತೆ ಕಾದಾಗಲೂ ಕೆರೆಯ ನೀರು ಹಿತವಾಗಿರುವುದಕ್ಕೆ ಇದೇ ಕಾರಣ.

ಆದರೆ ಈ ಹಿತ ಮೇಲುಪದರದ ಮಾತು. ಬಿಸಿಯಾದ ನೀರು ಹಗುರವಾಗಿ ಮೇಲೆ ನಿಲ್ಲುತ್ತದೆ. ತಂಪು ನೀರು ಭಾರವಾಗಿ ತಳ ಸೇರುತ್ತದೆ. ಇದರಲ್ಲೊಂದು ಸ್ವಾರಸ್ಯವಿದೆ. ನೀರು 4ರಿಂದ 5 ಡಿಗ್ರಿಗೆ ಏರಿದಾಗ ಅದರ ಸಾಂದ್ರತೆ ಎಷ್ಟು ಇಳಿಯುವುದೋ, 24ರಿಂದ 25ಕ್ಕೆ ಏರಿದಾಗ ಅದರ ಸುಮಾರು 30 ಪಟ್ಟು ಇಳಿಯುತ್ತದೆ. ಆದಕಾರಣ ನಮ್ಮಂಥ ಬೆಚ್ಚನೆಯ ನಾಡಿನ ಕೆರೆಯಲ್ಲಿ ಎರಡು ಮೂರು ಡಿಗ್ರಿಗಳ ವ್ಯತ್ಯಾಸವೇ ನೀರನ್ನು ಪದರಪದರವಾಗಿ ನಿಲ್ಲಿಸಲು ಸಾಕು. ಗಾಳಿಯಿಲ್ಲದ ಚೈತ್ರದ ಮಧ್ಯಾಹ್ನ ಎದೆಮಟ್ಟದ ನೀರಿನಲ್ಲಿ ನಿಂತವನಿಗೆ ಹೆಗಲು ಬೆಚ್ಚಗೂ ಪಾದ ತಣ್ಣಗೂ ಇರುವುದು ಇದರಿಂದಲೇ. ಆಳವಿಲ್ಲದ ಕಡೆ ರಾತ್ರಿಯ ತಂಪಿಗೆ ಮೇಲಿನ ನೀರು ಕೆಳಗಿಳಿದು ಬೆಳಗಿನ ವೇಳೆಗೆ ಎಲ್ಲವೂ ಬೆರೆಯುತ್ತದೆ. ಏರಿಯ ಬಳಿಯ ಆಳದಲ್ಲಿ ಹಾಗೆ ಬೆರೆಯಲು ಮಾಗಿಯೇ ಬರಬೇಕಾದೀತು.

ಪುಷ್ಯ, ಮಾಘ ಮಾಸಗಳ ಬೆಳಗಿನಲ್ಲಿ ಕೆರೆಯ ನೀರು ಸುಮಾರು 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರುವುದರಿಂದ ನೀರಿನ ಮೇಲೆ ಹೊಗೆಯಾಡಿದಂತೆ ಕಾಣುವುದುಂಟು. ಬೇಸಗೆಯ ಮಧ್ಯಾಹ್ನ ಮೇಲಿನ ನೀರು 30ರ ಸಮೀಪಕ್ಕೆ ಬರುತ್ತದೆ. ತೆರೆದ ನೀರಿನ ಈಜುಸ್ಪರ್ಧೆಗಳಿಗೆ ಅಂತರರಾಷ್ಟ್ರೀಯ ನಿಯಮವು ಕನಿಷ್ಠ 16, ಗರಿಷ್ಠ 31 ಡಿಗ್ರಿಗಳ ಮಿತಿಯನ್ನು ಇಟ್ಟಿದೆ. ಎಂದರೆ, ಉಷ್ಣಮಾನವೊಂದನ್ನೇ ನೋಡಿದರೆ ನಮ್ಮ ಕೆರೆಗಳು ವರ್ಷದ ಬಹುಪಾಲು ಈಜಲು ಯೋಗ್ಯವೇ ಸರಿ. ಪ್ರಾಣಾಪಾಯವು ನೀರಿನ ಬಿಸಿಯಿಂದಾಗಲಿ ಚಳಿಯಿಂದಾಗಲಿ ನೇರವಾಗಿ ಬರುವುದು ಅಪರೂಪ. ಬಿಸಿ ಮಾಡುವ ಕೆಲಸ ಬೇರೆ: ಅದು ಮಕ್ಕಳನ್ನು ಕರೆಯುತ್ತದೆ. ನೀರು ಅತ್ಯಂತ ಹಿತವಾಗಿರುವ ಕಾಲಕ್ಕೇ ರಜೆ ಬರುತ್ತದೆ. ಆ ಕಾಲಕ್ಕೇ ಕೆರೆಯ ತಳ ಅತ್ಯಂತ ಮೋಸದ್ದಾಗಿರುತ್ತದೆ.

ಹೇಗೆಂದರೆ, ಕೆರೆ ಬತ್ತಿದಾಗ ಹೂಳನ್ನೂ ಮಣ್ಣನ್ನೂ ತೆಗೆಯುತ್ತಾರೆ. ಹಿಂದೆ ಗಾಡಿಗಳಲ್ಲಿ ಹೊಲಕ್ಕೆ ಗೋಡು ಹೊಡೆಯುತ್ತಿದ್ದಾಗ ತಳ ಎಲ್ಲ ಕಡೆಯೂ ಸಮನಾಗಿ ತಗ್ಗುತ್ತಿತ್ತು. ಈಗ ಯಂತ್ರ ಅಗೆದ ಗುಂಡಿಯ ಅಂಚು ಗೋಡೆಯಂತೆ ನೆಟ್ಟಗೆ ಇಳಿಯುತ್ತದೆ. ಮುಂಗಾರಿನ ಮೊದಲ ನೀರು ಕೆಂಪಾಗಿ ಬಂದು ಆ ಗುಂಡಿಯನ್ನು ಮುಚ್ಚಿದರೆ, ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಎರಡಾಳು ಆಳದಲ್ಲಿರುತ್ತಾನೆ. ಮಳೆಯ ನೀರು ಕೆರೆಯ ನೀರಿಗಿಂತ ತಂಪಾಗಿಯೂ ಮಣ್ಣಿನಿಂದ ಭಾರವಾಗಿಯೂ ಇರುವುದರಿಂದ ತಳದಲ್ಲಿಯೇ ಹರಿದು ಗುಂಡಿಗಳನ್ನು ಸೇರುತ್ತದೆ. ಬಿಸಿಲಲ್ಲಿ ಕಾದ ಮೈ ತಟ್ಟನೆ ಅದರೊಳಗೆ ಹೋದಾಗ ಏದುಸಿರು ಬರುತ್ತದೆ. ಆ ಒಂದು ಉಸಿರು ನೀರಿನೊಳಗೆ ಎಳೆದುದಾದರೆ ಈಜು ಬಲ್ಲವನೂ ಕಂಗೆಡುತ್ತಾನೆ. ತೂಬು ತೆರೆದಿದ್ದಾಗಿನ ಸೆಳೆತ, ಕಾಲಿಗೆ ಸುತ್ತುವ ಜೊಂಡು, ಕೋಡಿಯ ಪಾಚಿಗಲ್ಲು ಇವು ಇದ್ದದ್ದೇ. ಕೆರೆ ಬಲಿ ಬೇಡುತ್ತದೆ, ಕಾಲು ಹಿಡಿದು ಎಳೆಯುತ್ತದೆ ಎಂದು ಹಿರಿಯರು ಹೇಳುತ್ತಿದ್ದುದನ್ನು ನಾವು ಮೂಢನಂಬಿಕೆಯೆಂದು ನಕ್ಕುಬಿಟ್ಟೆವು. ಅವರು ಬೆರಳು ಮಾಡಿ ತೋರಿಸುತ್ತಿದ್ದುದು ಸಾಮಾನ್ಯವಾಗಿ ಇಂಥ ತಾವುಗಳನ್ನೇ ಎಂಬುದನ್ನು ನಗುವವರು ಗಮನಿಸಲಿಲ್ಲ.

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಲಿನ ಪುಷ್ಕರಣಿಯಿದೆ. ಅದು ಈಜುವ ಸ್ಥಳವಲ್ಲ, ಕಾಪಾಡಬೇಕಾದ ಸ್ಮಾರಕ. ಆದರೂ ಅದರ ರಚನೆಯಲ್ಲಿ ಕಲಿಯುವಂಥದು ಇದೆ: ಮೆಟ್ಟಿಲು ಎಣಿಸಿದರೆ ಆಳ ತಿಳಿಯುತ್ತದೆ. ಈಜು ಕಲಿಯುವವನಿಗೆ ಬೇಕಾದುದು ಇಂಥ ತಿಳಿದ ಆಳ, ಬೆನ್ನಿಗೆ ಕಟ್ಟಿದ ಒಣ ಸೋರೆಬುರುಡೆ, ದಡದಲ್ಲಿ ಹಗ್ಗ ಹಿಡಿದ ಒಬ್ಬ ಹಿರಿಯ. ನಮ್ಮ ತಂದೆಯವರ ತಲೆಮಾರು ಬಾವಿಯಲ್ಲಿ ಹೀಗೆಯೇ ಕಲಿಯಿತು. ಬಾವಿಗಳು ಬತ್ತಿದುವು, ಕಲಿಸುವವರು ಇಲ್ಲವಾದರು, ಮಕ್ಕಳ ಆಸೆ ಮಾತ್ರ ಉಳಿಯಿತು. ಶಾಲೆಗೆ ಉದಾರವಾಗಿ ಕೊಠಡಿ ಕಟ್ಟಿಸಿಕೊಡುವ ದಾನಿಗಳು, ಎದೆಮಟ್ಟದ ಒಂದು ಸಣ್ಣ ಈಜುಕೊಳವೂ ವಿದ್ಯಾದಾನವೇ ಎಂದು ಭಾವಿಸಿದರೆ ಅದು ಅತಿಯಾಸೆಯಾಗಲಾರದು.

ಅಲ್ಲಿಯವರೆಗೆ ಅಧ್ಯಾಪಕರು ಮಾಡಬಹುದಾದ ಕೆಲಸವೊಂದಿದೆ. ವಾರ್ಷಿಕ ಪರೀಕ್ಷೆಗೆ ಮುನ್ನ, ನೀರು ಇಳಿದು ತಳ ಕಾಣುವಾಗ, ಮಕ್ಕಳನ್ನು ಏರಿಯ ಮೇಲೆ ನಡೆಸಿ ಗುಂಡಿ ಎಲ್ಲಿದೆ, ತೂಬು ಎಲ್ಲಿದೆ ಎಂದು ತೋರಿಸಿ ನಕ್ಷೆ ಬರೆಯಿಸುವುದು. ವಿಜ್ಞಾನದ ಅಧ್ಯಾಪಕರು ಸೀಸೆಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೊಂದು ದಾರ ಹಾಕಿ, ಗಟ್ಟಿ ನೆಲದ ಮೇಲೆ ನಿಂತು ತಳಕ್ಕೆ ಇಳಿಸಿ ಬಿರಡೆ ಎಳೆಯಲಿ. ತುಂಬಿದ ಸೀಸೆಯಲ್ಲಿ ಉಷ್ಣಮಾಪಕವನ್ನು ಅದ್ದಿದರೆ ಮೇಲಿನ ನೀರಿಗೂ ತಳದ ನೀರಿಗೂ ಇರುವ ಅಂತರವನ್ನು ಮಕ್ಕಳೇ ಓದುತ್ತಾರೆ. ಜೊತೆಯವನು ಮುಳುಗುತ್ತಿದ್ದರೆ ತಾವೂ ಧುಮುಕದೆ ಪಂಚೆಯನ್ನೋ ಹಗ್ಗವನ್ನೋ ಬಿದಿರನ್ನೋ ನೀಡಿ ಕೂಗಿಕೊಳ್ಳಬೇಕೆಂಬುದನ್ನು ಅಂದೇ, ಅಲ್ಲಿಯೇ, ಮಾಡಿ ತೋರಿಸಬಹುದು.