ಬಾಗಿಲಲ್ಲಿ ಕಾದು ನಿಂತ ಗಾಳಿ

2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣದ ಮೇಲೆ ಎರಗಿದಾಗ ಗಾಳಿಯ ವೇಗ ಗಂಟೆಗೆ ಸುಮಾರು 180 ಕಿಲೋಮೀಟರ್. ವಿಮಾನ ನಿಲ್ದಾಣದ ಚಾವಣಿ ಕಿತ್ತುಬಂತು, ಕೈಲಾಸಗಿರಿಯ ಹಸಿರು ನೆಲಕಚ್ಚಿತು. ಅದರ ಅರ್ಧ ವೇಗದ ಗಾಳಿಯನ್ನು ಸ್ಟೀಲ್ ಗೂಡಿನೊಳಗೆ ಕೂಡಿಹಾಕಿ, ಕೆಲಸಕ್ಕೆ ಬಂದವರ ಮೈಮೇಲೆ ಅರ್ಧ ನಿಮಿಷ ಬಿಟ್ಟರೆ ಅದು ಏರ್ ಶವರ್. ನಾಜಲ್ ಬಾಯಲ್ಲಿ ಸೆಕೆಂಡಿಗೆ 25 ಮೀಟರ್. ಗಂಟೆಯ ಲೆಕ್ಕದಲ್ಲಿ 90 ಕಿಲೋಮೀಟರ್.

ವಿಶಾಖಪಟ್ಟಣದ ದಕ್ಷಿಣಕ್ಕೆ, 2022ರಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿರುವ ಪರವಾಡ ಮತ್ತು ಅಚ್ಯುತಾಪುರಗಳಲ್ಲಿ ಔಷಧ ಕಾರ್ಖಾನೆಗಳು ಸಾಲುಗಟ್ಟಿವೆ. ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ವಿಶಾಖಪಟ್ಟಣದಲ್ಲಿ ಘಟಕ ಕಟ್ಟಿದೆ. ನಗರದಲ್ಲೇ, 2018ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಆಂಧ್ರಪ್ರದೇಶ ಮೆಡ್‌ಟೆಕ್ ಝೋನ್‌ನಲ್ಲಿ ವೈದ್ಯಕೀಯ ಉಪಕರಣಗಳು ತಯಾರಾಗುತ್ತವೆ. ಇಂಥ ಕಡೆ ಕ್ಲೀನ್‌ರೂಮ್ ಅನಿವಾರ್ಯ. ಅದರ ಬಾಗಿಲಲ್ಲಿ ಏರ್ ಶವರ್ ಬೇಕೇ ಎಂಬುದು ಮಾತ್ರ ಬೇರೆ ಪ್ರಶ್ನೆ. ಅದನ್ನು ಕೇಳಿಕೊಳ್ಳದೆಯೇ ಆರ್ಡರ್ ಕೊಡುವವರು ಹೆಚ್ಚು.

ಇಂದಿನ ಕ್ಲೀನ್‌ರೂಮಿನ ಮೂಲ ಪುರುಷ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್. ಕೋಣೆಯನ್ನು ಎಷ್ಟು ಗುಡಿಸಿದರೂ ಒಳಗೆ ದೂಳು ಹುಟ್ಟುತ್ತಲೇ ಇರುತ್ತದೆ, ಸೋಸಿದ ಗಾಳಿಯೇ ಅದನ್ನು ಎಡೆಬಿಡದೆ ಹೊರಗೆ ತಳ್ಳುತ್ತಿರಬೇಕು ಎಂದು ಅವರು 1960ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಈಗಿನ ಐಎಸ್‌ಒ 14644 ಮಾನದಂಡದ 5ನೇ ದರ್ಜೆಯ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಗೆ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3,520 ಮೀರುವಂತಿಲ್ಲ. 8ನೇ ದರ್ಜೆಯಲ್ಲಿ 35,20,000ದವರೆಗೂ ನಡೆಯುತ್ತದೆ. ಅಂಥ ಕೋಣೆಯಲ್ಲಿ ದೂಳಿನ ದೊಡ್ಡ ಕಾರ್ಖಾನೆ ಎಂದರೆ ಮನುಷ್ಯನೇ. ಚರ್ಮದ ಹೊಟ್ಟು, ಕೂದಲು, ಬಟ್ಟೆಯ ನಾರು, ಪೌಡರ್ ಎಲ್ಲವೂ ನಡೆದಷ್ಟೂ ಉದುರುತ್ತವೆ.

ಏರ್ ಶವರ್ ಇದನ್ನೆಲ್ಲ ತೊಳೆದುಬಿಡುತ್ತದೆ ಎಂಬ ತಪ್ಪು ತಿಳಿವಳಿಕೆ ಇಲ್ಲಿಯೇ ನುಸುಳುವುದು. ಒಕ್ಕಲು ಕಣದಲ್ಲಿ ರಾಶಿ ತೂರುವಾಗ ಗಾಳಿ ಹಗುರ ಹೊಟ್ಟನ್ನು ಒಯ್ದು ಭಾರದ ಕಾಳನ್ನು ಕಾಲಬುಡಕ್ಕೆ ಬಿಡುತ್ತದೆ. ಏರ್ ಶವರ್‌ನಲ್ಲಿ ನಡೆಯುವುದು ಇದರ ತಿರುವು ಮುರುವು. ಬಟ್ಟೆಯ ಮೇಲಿನ ದಪ್ಪ ಕಣ, ನಾರು, ಕೂದಲು ಗಾಳಿಗೆ ಸಿಕ್ಕಿ ಹಾರುತ್ತವೆ. ತೀರಾ ಸಣ್ಣ ಕಣ ಮೇಲ್ಮೈಗೆ ಕಚ್ಚಿಕೊಂಡೇ ಉಳಿಯುತ್ತದೆ, ಏಕೆಂದರೆ ಕಣ ಚಿಕ್ಕದಾದಷ್ಟೂ ಗಾಳಿಯ ಎಳೆತಕ್ಕಿಂತ ಅಂಟುವ ಬಲವೇ ಮೇಲುಗೈ. ಹಾಗಾಗಿ ಮನೆಯ ಬಟ್ಟೆಯಲ್ಲೇ ಒಳಗೆ ನಿಂತು ಹೊರಬಂದವರು ಶುದ್ಧರಾಗಿಲ್ಲ. ಮೊದಲು ಗೌನ್, ಹುಡ್, ಬೂಟಿ, ಆಮೇಲೆ ಗಾಳಿ. ಯುರೋಪಿನಲ್ಲಿ 2023ರ ಆಗಸ್ಟ್ 25ರಿಂದ ಜಾರಿಯಲ್ಲಿರುವ ಕ್ರಿಮಿರಹಿತ ಔಷಧಗಳ ನಿಯಮ, ಪರಿಷ್ಕೃತ ಅನೆಕ್ಸ್ 1, ಏರ್‌ಲಾಕ್ ಮತ್ತು ಬಟ್ಟೆ ಬದಲಿಸುವ ಕೋಣೆಗಳ ಬಗ್ಗೆ ಬಹಳ ಬಿಗಿ. ಏರ್ ಶವರ್ ಇರಲೇಬೇಕೆಂದು ಮಾತ್ರ ಅದು ಹೇಳುವುದಿಲ್ಲ. ಚುಚ್ಚುಮದ್ದು ತುಂಬುವ ಘಟಕದವರ ಕೈಯಲ್ಲಿ ಹಣ ಒಂದಕ್ಕೇ ಸಾಲುವಂತಿದ್ದರೆ ಅದು ಗೌನ್ ಕೋಣೆಗೆ ಹೋಗಲಿ ಎನ್ನುತ್ತೇನೆ. ಬಣ್ಣ ಹೊಡೆಯುವ ಬೂತ್, ಎಲೆಕ್ಟ್ರಾನಿಕ್ಸ್ ಜೋಡಣೆ, ಪ್ಯಾಕಿಂಗ್ ವಿಭಾಗಗಳಲ್ಲಿ ದಪ್ಪ ಕಣ, ನಾರುಗಳದ್ದೇ ಕಾಟ. ಅಲ್ಲಿ ಏರ್ ಶವರ್ ಕೊಟ್ಟ ದುಡ್ಡಿಗೆ ದುಡಿಯುತ್ತದೆ.

ಕೊಳ್ಳುವುದಾದರೆ ಮೊದಲ ಲೆಕ್ಕ ತಲೆಗಳದ್ದು. ಒಂದು ಶಿಫ್ಟಿಗೆ 120 ಜನ ಎಂದುಕೊಳ್ಳಿ. ಗಾಳಿಗೆ 30 ಸೆಕೆಂಡ್, ಬಾಗಿಲು ತೆರೆದು ಮುಚ್ಚಲು 15. ಒಬ್ಬರೇ ನಿಲ್ಲುವ ಗೂಡಾದರೆ ಕೊನೆಯವರು ಒಳಸೇರುವಷ್ಟರಲ್ಲಿ ಒಂದೂವರೆ ಗಂಟೆ! ಆಗ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ: ಟೈಮರ್ 10 ಸೆಕೆಂಡಿಗೆ ಇಳಿಯುತ್ತದೆ, ಎರಡು ಬಾಗಿಲೂ ಒಟ್ಟಿಗೆ ತೆರೆಯದಂತೆ ತಡೆಯುವ ಇಂಟರ್‌ಲಾಕ್‌ನ ವೈರ್ ಕಳಚುತ್ತದೆ, ಬಾಗಿಲಿಗೆ ಸ್ಟೂಲ್ ಅಡ್ಡ ಬರುತ್ತದೆ. ಬೈಯುವುದು ಕಾರ್ಮಿಕರನ್ನು, ತಪ್ಪು ಖರೀದಿಯವರದ್ದು. ಹಾಗೆಂದು ಗೂಡನ್ನು ಅಗಲವಾಗಿಸಿದರೂ ಕಷ್ಟ. ನಾಜಲ್‌ನಿಂದ ಹೊರಟ ಗಾಳಿ ತನ್ನ ಬಿರುಸು ಉಳಿಸಿಕೊಳ್ಳುವುದು ಬಾಯಿಯ ಅಗಲದ ಐದಾರು ಪಟ್ಟು ದೂರ ಮಾತ್ರ. 30 ಮಿಲಿಮೀಟರ್ ನಾಜಲ್‌ಗೆ ಅದು ಒಂದು ಗೇಣಿಗಿಂತಲೂ ಕಡಿಮೆ. ಜನ ಹೆಚ್ಚಿದ್ದರೆ ಅಗಲ ಬೇಡ, ಉದ್ದದ ಟನಲ್ ಬೇಕು. ಒಳಗಿದ್ದವರು ಕೈಯೆತ್ತಿ ಒಂದು ಸುತ್ತು ತಿರುಗಲೂ ಬೇಕು.

ವಿಶಾಖದಲ್ಲಿ ಎರಡನೆಯ ಲೆಕ್ಕ ಉಪ್ಪಿನದು. ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಗೂಡು ಅಗ್ಗ, ಗೀರು ಬಿದ್ದಲ್ಲೆಲ್ಲ ತುಕ್ಕು. ಎಸ್‌ಎಸ್ 304 ಕೂಡ ಕಡಲ ಗಾಳಿಗೆ ಚಹಾ ಚೆಲ್ಲಿದಂತೆ ಕಂದು ಕಲೆ ಹಿಡಿಯುತ್ತದೆ. ಮಾಲಿಬ್ಡಿನಂ ಬೆರೆತ 316 ದುಬಾರಿಯಾದರೂ ಹೊರಗಾಳಿಗೆ ತೆರೆದುಕೊಳ್ಳುವ ಬಾಗಿಲಿಗೆ ಅದೇ ತಕ್ಕದ್ದು. ಇನ್ನೊಂದು ಶತ್ರು ಒಳಗೇ ಇದೆ, ಕ್ಲೋರಿನ್ ದ್ರಾವಣ. ಅದರಿಂದ ಒರೆಸಿ ನೀರಿನಿಂದ ತೊಳೆಯದೆ ಬಿಟ್ಟರೆ ಸ್ಟೀಲಿನಲ್ಲಿ ಸೂಜಿಮೊನೆಯಷ್ಟು ಗುಳಿಗಳೇಳುತ್ತವೆ.

2024ರ ಆಗಸ್ಟ್ 21ರಂದು ಅಚ್ಯುತಾಪುರದ ಔಷಧ ಘಟಕವೊಂದರಲ್ಲಿ ದ್ರಾವಕದ ಆವಿ ಸ್ಫೋಟಿಸಿ 17 ಮಂದಿ ಸತ್ತರು. ಆ ದುರಂತಕ್ಕೂ ಏರ್ ಶವರ್‌ಗೂ ನಂಟಿಲ್ಲ. ಆದರೆ ಅಂಥ ಊರಿನಲ್ಲಿ, ಒಂದು ತೆರೆದರೆ ಇನ್ನೊಂದು ತೆರೆಯದ ಎರಡು ಬಾಗಿಲುಗಳನ್ನು ಓಡುವ ದಾರಿಯಲ್ಲಿ ಕೂರಿಸುವುದು ಅಕ್ಷಮ್ಯ. ತುರ್ತು ದಾರಿ ಬೇರೆಯೇ ಇರಬೇಕು. ಕರೆಂಟ್ ಹೋದೊಡನೆ, ಬೆಂಕಿಯ ಅಲಾರಂ ಹೊಡೆದೊಡನೆ ಬೀಗ ತಾನಾಗಿ ಬಿಡಬೇಕು.

ವಿಜಯವಾಡದ ಕತೆ ಬೇರೆ. ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲೂ ಬಿರಿಯುತ್ತದೆ ಎಂಬುದು ತೆಲುಗರ ಮಾತು. ಆ ಒಣ ಕಾಲದಲ್ಲಿ ಆಟೋನಗರದ ರಸ್ತೆ ದೂಳಿಗೆ ಇಬ್ರಾಹಿಂಪಟ್ಟಣದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಡೆಯ ಹಾರುಬೂದಿಯೂ ಜೊತೆಯಾಗುತ್ತದೆ. ಏರ್ ಶವರ್ ತನ್ನೊಳಗಿನ ಗಾಳಿಯನ್ನೇ ಎಳೆದು ಪ್ರಿ-ಫಿಲ್ಟರ್, ಬ್ಲೋವರ್, ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ದಾಟಿಸಿ ಮತ್ತೆ ಊದುತ್ತದೆ. ದೂಳಿಗೆ ಮೊದಲು ಕಟ್ಟಿಕೊಳ್ಳುವುದು ಪ್ರಿ-ಫಿಲ್ಟರ್. ಆಗಲೂ ದೀಪ ಉರಿಯುತ್ತದೆ, ಬ್ಲೋವರ್ ಗುಂಯ್‌ಗುಡುತ್ತದೆ, ಬಾಗಿಲು ಸರಿಯಾಗಿ ತೆರೆಯುತ್ತದೆ; ಗಾಳಿಯ ಬಿರುಸು ಮಾತ್ರ ಇರುವುದಿಲ್ಲ. ಈ ಯಂತ್ರ ಕೆಟ್ಟರೂ ಕೆಟ್ಟಂತೆ ಕಾಣುವುದಿಲ್ಲ.

ಫಿಲ್ಟರ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಗೇಜ್‌ನ ಮುಳ್ಳು ಏರಿದರೆ ಫಿಲ್ಟರ್ ಕಟ್ಟಿದೆ ಎಂದು ಎಲ್ಲರಿಗೂ ಗೊತ್ತು. ಇದ್ದಕ್ಕಿದ್ದಂತೆ ಇಳಿದರೆ ಸಮಾಧಾನಪಡುವವರೇ ಹೆಚ್ಚು, ಹೆಪಾ ಹರಿದಿದ್ದರೂ ಮುಳ್ಳು ಇಳಿಯುತ್ತದೆ ಎಂಬುದು ಹೊಳೆಯುವುದಿಲ್ಲ. ವರ್ಷಕ್ಕೊಮ್ಮೆ ಪಿಎಒ ಎಂಬ ಎಣ್ಣೆಯ ಹೊಗೆ ಬಿಟ್ಟು ಸೋರಿಕೆ ನೋಡುವುದು ಇದಕ್ಕಾಗಿಯೇ. ಪ್ರಿ-ಫಿಲ್ಟರ್ ತೊಳೆಯುವ ದಿನವನ್ನು ಕ್ಯಾಟಲಾಗ್ ನೋಡಿ ಗೊತ್ತುಮಾಡಬೇಡಿ. ವಿಜಯವಾಡದ ಮೇ ತಿಂಗಳಿಗೂ ವಿಶಾಖದ ಅಕ್ಟೋಬರ್‌ಗೂ ಒಂದೇ ಪಟ್ಟಿ ಹೊಂದದು. ತೊಳೆದದ್ದನ್ನು ಪೂರ್ತಿ ಒಣಗಿಸಿಯೇ ಕೂರಿಸಿ. ಒದ್ದೆ ಫಿಲ್ಟರ್ ಹಿಂದಿನ ಹೆಪಾ ಬೂಸ್ಟು ಹಿಡಿದೀತು.

ನಿಮ್ಮ ಘಟಕದಲ್ಲಿ ಏರ್ ಶವರ್ ಇದ್ದರೆ, ಈ ವಾರವೇ ಪ್ರತಿ ನಾಜಲ್‌ಗೂ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದು ಓದಿದ್ದನ್ನು ಬಾಗಿಲ ಪಕ್ಕ ಬರೆದಿಡಿ. ಸೆಕೆಂಡಿಗೆ 20 ಮೀಟರ್‌ಗಿಂತ ಕೆಳಗಿದ್ದರೆ ಕಂಪನಿಯ ಸರ್ವೀಸ್‌ನವರಿಗೆ ಫೋನ್ ಮಾಡುವ ಮೊದಲು ಪ್ರಿ-ಫಿಲ್ಟರ್ ಬಿಚ್ಚಿ ನೋಡಿ.